ಊರಿನ ಹೆಸರಿಲ್ಲದ ವಿಳಾಸ

ಕುಂದಾಪುರದಲ್ಲಿ ಅಂಚೆಪೆಟ್ಟಿಗೆಗೆ ಹಾಕಿದ ಕಾಗದ ಲಡಾಖಿನ ಗಡಿಯಲ್ಲಿರುವ ಯೋಧನಿಗೆ ತಲುಪಬೇಕು. ಆದರೆ ಲಕೋಟೆಯ ಮೇಲೆ ಲಡಾಖ್ ಎಂದು ಬರೆಯುವಂತಿಲ್ಲ! ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಘಟಕ, ಅದರ ಪಿನ್ ಸಂಖ್ಯೆ, ಕೊನೆಗೆ '56 ಎ.ಪಿ.ಒ.' ಅಥವಾ '99 ಎ.ಪಿ.ಒ.', ವಿಳಾಸವೆಂದರೆ ಇಷ್ಟೇ. 56ರ ಟಪಾಲು ದೆಹಲಿಯ ಸೇನಾ ಅಂಚೆ ಕೇಂದ್ರಕ್ಕೆ, 99ರದ್ದು ಕೋಲ್ಕತ್ತಕ್ಕೆ. ಘಟಕ ಎಲ್ಲಿದೆಯೆಂಬುದು ಅಲ್ಲಿನವರಿಗೆ ಗೊತ್ತು. ಹೊರಗಿನವರಿಗೆ ತಿಳಿಯಬಾರದೆಂದೇ ಈ ಏರ್ಪಾಡು. ಈ ಕೆಲಸ ಮಾಡುವ ಸೇನಾ ಅಂಚೆ ಸೇವೆ 1972ರ ಮಾರ್ಚ್ 1ರಂದು ಪ್ರತ್ಯೇಕ ದಳವಾಯಿತು.

1999ರ ಕಾರ್ಗಿಲ್ ಯುದ್ಧದ ದಿನಗಳಲ್ಲಿ ದೇಶದ ಅನೇಕ ಶಾಲೆಗಳ ಮಕ್ಕಳು ಯೋಧರಿಗೆ ಕಾಗದ ಬರೆದರು. ಈಗಲೂ ಬರೆಯಬಹುದು. ಆದರೆ ವಿದ್ಯಾರ್ಥಿ ಮಿತ್ರರೇ, ಪುಟ ತುಂಬ ಜೈಕಾರವೇ ಏಕೆ? ಅದು ಅವರಿಗೆ ಹೊಸತಲ್ಲ. ಬೈಂದೂರಿನಲ್ಲಿ ಮಳೆ ಹಿಡಿಯಿತೇ, ಮರವಂತೆಯಲ್ಲಿ ಕಡಲು ಹೇಗಿದೆ, ಬ್ರಹ್ಮಾವರದ ಗದ್ದೆಗಳಲ್ಲಿ ನಾಟಿ ಮುಗಿಯಿತೇ, ಮೇಳದವರು ಯಾವ ಪ್ರಸಂಗ ಆಡಿದರು? ಊರು ಬಿಟ್ಟವನಿಗೆ ಬೇಕಾದದ್ದು ಇದು. ಮೊಬೈಲ್ ಹತ್ತದ ಶಿಖರದಲ್ಲಂತೂ ಇನ್ನೂ ಹೆಚ್ಚು.

ತಾಯಂದಿರಿಗೊಂದು ಮಾತು: ಹಲಸಿನ ಹಪ್ಪಳ ಮುರಿದರೂ ತಿನ್ನಬಹುದು. ಮಿಡಿ ಉಪ್ಪಿನಕಾಯಿಯ ರಸ ಸೋರಿದರೆ ಚೀಲದಲ್ಲಿರುವ ಬೇರೆಯವರ ಕಾಗದಗಳೂ ಹಾಳು. ಬೇಗ ಹಳಸುವ ಹೋಳಿಗೆಯೂ ಬೇಡ. ಪೊಟ್ಟಣದೊಳಗೆ ನಿಮ್ಮ ವಿಳಾಸ ಬರೆದ ಖಾಲಿ ಲಕೋಟೆಯೊಂದನ್ನು ಇಡಲು ಮರೆಯಬೇಡಿ.