ಉಡದ ಪಟ್ಟು, ಜೇಕಿನ ಪಟ್ಟು



ಹಿಡಿದ ಹಟ ಬಿಡದವರನ್ನು ಕಂಡರೆ ‘ಉಡದ ಪಟ್ಟು’ ಎನ್ನುತ್ತೇವೆ. ಗದ್ದೆಗೆ ಅಡಿಕೆ ಇಟ್ಟವರಿಗೆ ಇನ್ನೊಂದು ಪಟ್ಟೂ ಗೊತ್ತು, ಅದು ಜೇಕಿನದು. ಶ್ರೀರಂಗಪಟ್ಟಣ, ಪಾಂಡವಪುರಗಳ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಕೆ.ಆರ್. ಪೇಟೆ, ನಾಗಮಂಗಲಗಳ ಹೇಮಾವತಿ ನೀರಿನ ಅಚ್ಚುಕಟ್ಟಿನಲ್ಲಿ ಉಡ ಬದುವಿನಲ್ಲಿದ್ದರೆ ಜೇಕು ಬದುವಿನ ಕೆಳಗಿರುತ್ತದೆ. ಉಡವನ್ನು ಕಂಡರೆ ದೊಣ್ಣೆ ಹುಡುಕುತ್ತೇವೆ. ಜೇಕನ್ನು ಕೊಯ್ದು ಮರೆಯುತ್ತೇವೆ. ಎರಡೂ ತಪ್ಪು.

ಉಡ ಬಾಲ ಸೇರಿ ಐದೂವರೆ ಅಡಿಯವರೆಗೆ ಬೆಳೆಯುತ್ತದೆ. ದುಂಬಿ, ಮಣ್ಣಿನೊಳಗಿನ ಹುಳು, ಏಡಿ, ಇಲಿ ಅದರ ಆಹಾರ. ಅಡಿಕೆಯ ಬೇರನ್ನಾಗಲಿ ಸೋಗೆಯನ್ನಾಗಲಿ ಅದು ಮುಟ್ಟುವುದಿಲ್ಲ. ಕೋಳಿಮೊಟ್ಟೆ ಕದಿಯುವುದು ನಿಜ. ಅದಕ್ಕೆ ಗೂಡು ಭದ್ರಪಡಿಸಿದರೆ ಸಾಕು. ಮನೆ ಹೊಕ್ಕರೆ ಅಪಶಕುನವೆಂಬುದು ಬರೀ ಭ್ರಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಉಡವಿದೆ. ಕೊಂದವರಿಗೆ 3ರಿಂದ 7 ವರ್ಷ ಸೆರೆವಾಸ.

ಜೇಕು ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ: ಹುಲ್ಲಿನದು ದುಂಡು, ಜೇಕಿನದು ಮೂರು ಮೂಲೆ. ಕೆರೆಯಂಚಿನಲ್ಲಿ ಅದು ಮಣ್ಣು ಹಿಡಿಯುತ್ತದೆ, ಹಕ್ಕಿಗಳಿಗೆ ಮರೆಯಾಗುತ್ತದೆ, ಅಲ್ಲಿರಲಿ. ಅಡಿಕೆಯ ಸಾಲಿನಲ್ಲಿ ಎದ್ದರೆ ಮಾತ್ರ ನೆಲದಡಿ ನೀರು ನಿಂತಿದೆ ಎಂದೇ ತಿಳಿಯಿರಿ.

ಈ ಪಾಠವನ್ನು ನಾನು ದುಡ್ಡು ತೆತ್ತು ಕಲಿತೆ. ತಗ್ಗಿನ ಗದ್ದೆಗೆ ಬಸಿಗಾಲುವೆ ತೆಗೆಯದೆ ಸಸಿ ಇಟ್ಟೆ. ಎರಡು ವರ್ಷ ಜೇಕು ಕೊಯ್ಯಿಸಿ ಕೂಲಿ ಕೊಟ್ಟದ್ದೇ ಬಂತು. ಮೂರನೆಯ ವರ್ಷ ಸೋಗೆ ಹಳದಿಯಾಯಿತು. ಅಗೆದು ನೋಡಿದರೆ ಬೇರು ಕೊಳೆತಿತ್ತು. ಅದೇ ವರ್ಷ ಬದುವಿನ ಬಿಲಕ್ಕೆ ಕಲ್ಲು ತುಂಬಿಸಿ ಉಡವನ್ನು ಓಡಿಸಿದವನೂ ನಾನೇ. ತೋಟಕ್ಕೆ ಕೆಡುಕಿನ ಸುಳಿವು ಕೊಟ್ಟ ಜೇಕಿನ ಮಾತು ಕೇಳಲಿಲ್ಲ, ಕೆಡುಕು ಮಾಡದ ಉಡವನ್ನು ಬಿಡಲಿಲ್ಲ!

ಆಮೇಲೆ ಸಾಲುಗಳ ನಡುವೆ, ಸಸಿ ಗುಂಡಿಯ ತಳಕ್ಕಿಂತ ಆಳವಾಗಿ ಬಸಿಗಾಲುವೆ ತೆಗೆಸಿದೆ. ನೀರು ಇಳಿಯಿತು, ಜೇಕು ತೆಳುವಾಯಿತು. ಉಳಿದ ಸಸಿಗಳು ಚೇತರಿಸಿಕೊಂಡವು. ಸತ್ತವು ಸತ್ತೇ ಹೋದವು.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮಳೆಗಾಲಕ್ಕೆ ಮೊದಲು ಬಸಿಗಾಲುವೆಯ ಹೂಳು ತೆಗೆಸಿ. ಜೇಕನ್ನು ತೆನೆ ಬೀಜ ಕಟ್ಟುವ ಮುನ್ನವೇ ಕೀಳಿಸಿ. ಬದುವಿನ ಮೇಲೆ ಉಡ ಹಾದುಹೋದರೆ ದಾರಿ ಬಿಟ್ಟು ನಿಲ್ಲಿ. ಅದು ಕೂಲಿ ಕೇಳದ ಆಳು.