ಉಪವಾಸ ಮಾಡಿದರೂ ತೂಕ ಇಳಿಯದೇಕೆ? ನಮ್ಮ ಅಡುಗೆಮನೆಯ ಕ್ಯಾಲೊರಿ ಲೆಕ್ಕ

ದಶಲಕ್ಷಣ ಪರ್ವದಲ್ಲಿ ಎರಡು ಕಿಲೊ ಇಳಿದ ತೂಕ ದೀಪಾವಳಿಯ ಹೊತ್ತಿಗೆ ಮರಳಿ ಬಂದಿರುತ್ತದೆ. ಕಂದಮೂಲ ಮುಟ್ಟದ, ಸೂರ್ಯಾಸ್ತದ ನಂತರ ಉಣ್ಣದ ಮನೆಗಳಲ್ಲೂ ಬೊಜ್ಜು, ಸಕ್ಕರೆ ಕಾಯಿಲೆ ಇರುವವರು ಇದ್ದಾರೆ. ಇಷ್ಟು ನಿಯಮವಿದ್ದೂ ಹೀಗೇಕೆ ಎಂದು ಹಲವರು ಕೇಳುತ್ತಾರೆ. ನಮ್ಮ ಆಹಾರ ನಿಯಮಗಳು ಅಹಿಂಸೆ ಮತ್ತು ಸಂಯಮಕ್ಕಾಗಿ ಇರುವಂಥವು. ದೇಹದ ತೂಕ ನಡೆಯುವುದು ಬೇರೆ ಲೆಕ್ಕದಲ್ಲಿ: ತಿಂದ ಕ್ಯಾಲೊರಿ ಎಷ್ಟು, ಖರ್ಚಾದದ್ದು ಎಷ್ಟು.

ಉಪವಾಸದ ಮೊದಲ ಒಂದೆರಡು ದಿನ ತೂಕದ ಯಂತ್ರ ತೋರಿಸುವ ಇಳಿಕೆ ಹೆಚ್ಚಾಗಿ ನೀರಿನದು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ಅಂಶ (ಗ್ಲೈಕೋಜನ್) ತನ್ನ ಮೂರು ಪಟ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಅದು ಖರ್ಚಾದಾಗ ನೀರೂ ಹೋಗುತ್ತದೆ, ಪಾರಣೆಯಾದ ಮೇಲೆ ಎರಡೂ ಮರಳಿ ತುಂಬಿಕೊಳ್ಳುತ್ತವೆ. ಒಂದು ಕಿಲೊ ಕೊಬ್ಬಿನಲ್ಲಿರುವುದು ಸುಮಾರು 7,700 ಕ್ಯಾಲೊರಿ. ಹೆಚ್ಚು ಓಡಾಟವಿಲ್ಲದ, 55 ಕಿಲೊ ತೂಕದ ಮಹಿಳೆಗೆ ದಿನಕ್ಕೆ ಬೇಕಾದದ್ದು 1,660, 65 ಕಿಲೊದ ಪುರುಷನಿಗೆ 2,110 ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ಅಂದರೆ ಆ ಮಹಿಳೆ ಒಂದು ದಿನ ಪೂರ್ತಿ ನಿರಾಹಾರ ಇದ್ದರೂ ಕರಗುವ ಕೊಬ್ಬು ಕಾಲು ಕಿಲೊಗಿಂತ ಕಡಿಮೆ. ಪಾರಣೆಯ ವಾರದಲ್ಲಿ ಹೋಳಿಗೆ, ಪಾಯಸ, ಕರಿದ ತಿಂಡಿ ಸಾಲಾಗಿ ಬಂದರೆ ಅಷ್ಟೂ ಸಲೀಸಾಗಿ ತುಂಬುತ್ತದೆ.

ತತ್ತ್ವಾರ್ಥಸೂತ್ರ ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಅನಶನದ ನಂತರ ಬರುವುದು ಅವಮೌದರ್ಯ, ಅಂದರೆ ಹೊಟ್ಟೆ ತುಂಬುವ ಮೊದಲೇ ಏಳುವುದು. ಪುರುಷರ ಪೂರ್ಣಾಹಾರ 32 ತುತ್ತು, ಸ್ತ್ರೀಯರದು 28 ತುತ್ತು ಎಂದು ಎಣಿಸಿ, ಅದಕ್ಕಿಂತ ಕಡಿಮೆ ಉಣ್ಣುವುದನ್ನು ತಪಸ್ಸೆಂದರು. ಅದರ ಉದ್ದೇಶ ತೂಕ ಇಳಿಸುವುದಲ್ಲ, ನಿಜ. ಆದರೆ ತೂಕದ ವಿಷಯದಲ್ಲಿ ವರ್ಷಕ್ಕೆ ಹತ್ತು ದಿನದ ಉಪವಾಸಕ್ಕಿಂತ ದಿನವೂ ಪಾಲಿಸುವ ಅವಮೌದರ್ಯವೇ ಹೆಚ್ಚು ಕೆಲಸ ಮಾಡುತ್ತದೆ. ದಿನಕ್ಕೆ 200 ಕ್ಯಾಲೊರಿ, ಅಂದರೆ ಒಂದೂವರೆ ಚಪಾತಿಯಷ್ಟು, ಕಡಿಮೆಯಾದರೆ ತಿಂಗಳಿಗೆ 6,000. ದೇಹ ಹಗುರಾದಂತೆ ಅದರ ಖರ್ಚೂ ತಗ್ಗುವುದರಿಂದ ಇಳಿಕೆ ಕ್ರಮೇಣ ನಿಧಾನವಾಗುತ್ತದೆ. ಅದಕ್ಕೆ ಎದೆಗುಂದಬೇಕಿಲ್ಲ.

ಅದೇ ಸಾಲಿನ ರಸಪರಿತ್ಯಾಗ ಇನ್ನೂ ನೇರವಾಗಿ ಅಡುಗೆಮನೆಗೆ ಬರುತ್ತದೆ. ತುಪ್ಪ, ಎಣ್ಣೆ, ಸಿಹಿ ಬಿಡುವುದೆಂದರೆ ಕ್ಯಾಲೊರಿ ಅತಿ ದಟ್ಟವಾಗಿರುವ ಪದಾರ್ಥಗಳನ್ನೇ ಬಿಟ್ಟಂತೆ. ಒಂದು ಗ್ರಾಂ ಪಿಷ್ಟದಲ್ಲಾಗಲಿ ಪ್ರೋಟೀನಿನಲ್ಲಾಗಲಿ 4 ಕ್ಯಾಲೊರಿ, ಕೊಬ್ಬಿನಲ್ಲಿ 9. ನೂರು ಗ್ರಾಂ ಬಾಳೆಕಾಯಿ ಬೇಯಿಸಿ ಪಲ್ಯ ಮಾಡಿದರೆ, ಒಗ್ಗರಣೆ ಬಿಟ್ಟು, ಸುಮಾರು 120 ಕ್ಯಾಲೊರಿ. ಅದೇ ತೂಕದ ಬಾಳೆಕಾಯಿ ಚಿಪ್ಸ್‌ನಲ್ಲಿ 500ರಷ್ಟು. ಆಲೂಗಡ್ಡೆ ಚಿಪ್ಸ್ ಬಿಟ್ಟು ಬಾಳೆಕಾಯಿ ಚಿಪ್ಸ್ ತಿಂದರೆ ವ್ರತ ಉಳಿಯುತ್ತದೆ, ಎಣ್ಣೆ ಮಾತ್ರ ಅಷ್ಟೇ. ಪೊಟ್ಟಣದ ಮೇಲೆ ‘ಜೈನ್’ ಎಂದು ಬರೆದ ತಿನಿಸಿಗೂ ಇದೇ ಮಾತು.

ಮನೆಯ ಎಣ್ಣೆಯನ್ನು ಹೀಗೆ ನೋಡಬಹುದು. ನಾಲ್ವರ ಮನೆಗೆ ತಿಂಗಳಿಗೆ ಐದು ಲೀಟರ್ ಕ್ಯಾನ್ ಖಾಲಿಯಾಗುತ್ತಿದ್ದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 38 ಗ್ರಾಂ, ಅಂದರೆ 340 ಕ್ಯಾಲೊರಿ. ತುಪ್ಪ ಇದರ ಹೊರಗೆ. ಮೂರು ಲೀಟರಿಗೆ ಇಳಿಸಿದರೆ ಇದು ಸುಮಾರು 200ಕ್ಕೆ ಬರುತ್ತದೆ. ಶೇಂಗಾ ಚಟ್ನಿಯ ಮನೆಗಳಲ್ಲಿ ಶೇಂಗಾ, ಕರಾವಳಿಯ ಮನೆಗಳಲ್ಲಿ ತೆಂಗಿನಕಾಯಿ ಕೂಡ ಲೆಕ್ಕಕ್ಕೆ ಬರಬೇಕು. ಒಳ್ಳೆಯ ಆಹಾರವೇ, ಆದರೆ ಕೈಯಳತೆ ತಪ್ಪಿದರೆ ಭಾರವಾಗುತ್ತದೆ.

ಸೂರ್ಯಾಸ್ತದ ಮೊದಲಿನ ಊಟದಲ್ಲೂ ಒಂದು ತೊಡಕಿದೆ. ನಾಲ್ಕೂವರೆಗೆ ತಿಂಡಿ, ಆರಕ್ಕೆ ಊಟ. ರಾತ್ರಿ ಹಸಿದೀತೆಂಬ ಭಯಕ್ಕೆ ಎರಡೂ ದೊಡ್ಡದಾಗುತ್ತವೆ. ತಿಂಡಿಯನ್ನೇ ಬಿಟ್ಟು, ಊಟದಲ್ಲಿ ಹೆಸರುಬೇಳೆ, ಕಾಳು, ಮೊಸರು, ತರಕಾರಿ ಹೆಚ್ಚಿಸಿ ಅನ್ನ ತಗ್ಗಿಸಿದರೆ ಹೊಟ್ಟೆ ಬೆಳಗಿನವರೆಗೂ ತಡೆಯುತ್ತದೆ.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಉಪವಾಸಕ್ಕಾಗಲಿ ಏಕಭುಕ್ತಕ್ಕಾಗಲಿ ಸಂಕಲ್ಪ ಮಾಡುವ ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣ ಕೇಳಿಕೊಳ್ಳಬೇಕು. ಊಟವಿಲ್ಲದೆ ಅದೇ ಪ್ರಮಾಣದ ಔಷಧ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಮಂಕು ಕಂಡರೆ ಕಾಯದೆ ಸಕ್ಕರೆ ನೀರು ಕೊಡಬೇಕು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.