ಬಟ್ಟಲನ್ನು ಬೋರಲು ಹಾಕಿ ನೋಡಿ!

ಎಂಟು ಸೆಂಟಿಮೀಟರ್ ಚಿಲ್ಲರೆ ಅಗಲದ ಪಿಂಗಾಣಿ ಬಟ್ಟಲು. ಅಂಗೈಯಲ್ಲಿ ಅಡಗುವಷ್ಟು. ಮೈಮೇಲೆ ಒಂದು ಹುಂಜ, ಒಂದು ಹೇಟೆ, ಸುತ್ತ ಮರಿಗಳು. ಅಷ್ಟೇ! ಅದಕ್ಕೆ 2014ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಸೊದಬೀಸ್ ಹರಾಜಿನಲ್ಲಿ ಬಿದ್ದ ಬೆಲೆ 28 ಕೋಟಿ ಹಾಂಗ್‌ಕಾಂಗ್ ಡಾಲರ್. ನಮ್ಮ ಲೆಕ್ಕದಲ್ಲಿ ಆಗಿನ 200 ಕೋಟಿ ರೂಪಾಯಿಗೂ ಮೇಲೆ. ಕೊಂಡವರು ಶಾಂಘೈನ ಲಿಯು ಯಿಚಿಯಾನ್, ಒಂದು ಕಾಲಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದವರು. ಕ್ರೆಡಿಟ್ ಕಾರ್ಡನ್ನು 24 ಸಲ ಉಜ್ಜಿ ಹಣ ಕಟ್ಟಿದರು. ಆಮೇಲೆ ಅದೇ ಬಟ್ಟಲಿಗೆ ಚಹಾ ಸುರಿದುಕೊಂಡು ಕುಡಿದೂಬಿಟ್ಟರು! ಸುದ್ದಿ ಓದಿದವರಿಗೇ ಕೈ ನಡುಗಬೇಕು.

ಹುಂಜ ಎಷ್ಟೇ ಚೆಂದವಿರಲಿ, ಬಟ್ಟಲಿನ ಜಾತಕ ಇರುವುದು ಅಡಿಯಲ್ಲಿ. ಬೋರಲು ಹಾಕಿದರೆ ಜೋಡಿಗೆರೆಯ ಚೌಕದೊಳಗೆ ನೀಲಿಯ ಆರು ಅಕ್ಷರ. ಬಲಗಡೆಯ ಸಾಲನ್ನು ಮೇಲಿಂದ ಕೆಳಕ್ಕೆ ಓದಬೇಕು, ಆಮೇಲೆ ಎಡಗಡೆಯದು: ದಾ ಮಿಂಗ್ ಚೆಂಗ್‌ಹ್ವಾ ನ್ಯೆನ್ ಜಿ. ಮಹಾ ಮಿಂಗ್ ವಂಶದ ಚೆಂಗ್‌ಹ್ವಾ ದೊರೆಯ ಕಾಲದಲ್ಲಿ ಮಾಡಿದ್ದು ಎಂದರ್ಥ. ಅಂದರೆ 1465ರಿಂದ 1487ರ ನಡುವೆ, ಜಿಂಗ್‌ದೆಜೆನ್ ಊರಿನ ಅರಮನೆಯ ಆವಿಗೆಯಲ್ಲಿ. ಐನೂರು ವರ್ಷ ಹಳೆಯ ಪಾತ್ರೆ ತನ್ನ ಊರು ಕೇರಿ, ಹುಟ್ಟಿದ ಕಾಲ ಎಲ್ಲವನ್ನೂ ತಾನೇ ಹೇಳಿಬಿಡುತ್ತದೆ!

ಹಾಗಾದರೆ ಆರು ಅಕ್ಷರ ಕಲಿತರೆ ಸಾಕಲ್ಲವೇ? ತಾಳಿ, ಸ್ವಾರಸ್ಯ ಶುರುವಾಗುವುದೇ ಇಲ್ಲಿ. ಎರಡು ಶತಮಾನ ಕಳೆದು ಕಾಂಗ್‌ಷಿ ದೊರೆಯ ಕಾಲ (1662–1722) ಬಂದಾಗ ಅದೇ ಜಿಂಗ್‌ದೆಜೆನ್‌ನ ಕುಂಬಾರರು ತಮ್ಮ ಪಾತ್ರೆಗಳ ಅಡಿಯಲ್ಲಿ ಧಾರಾಳವಾಗಿ ಚೆಂಗ್‌ಹ್ವಾ ಹೆಸರು ಬರೆದರು. ಷುವಾಂಡೆ ದೊರೆಯ ಹೆಸರನ್ನೂ ಬಿಡಲಿಲ್ಲ. (ಷುವಾಂಡೆ ಎಂದರೆ 1426–35, ಇಲ್ಲಿ ನಮ್ಮ ಪ್ರೌಢದೇವರಾಯ ಆಳುತ್ತಿದ್ದ ಕಾಲ. ಹಂಪಿಯ ಉತ್ಖನನದಲ್ಲೂ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ!) ಮೋಸಕ್ಕೆ ಬರೆದರೇ? ಎಷ್ಟೋ ಸಲ ಅಲ್ಲ. ಹಿಂದಿನವರ ಕೈಚಳಕಕ್ಕೆ ಸಲ್ಲಿಸಿದ ಗೌರವ ಅದು. ಜೊತೆಗೆ 1677ರಲ್ಲಿ ಅಲ್ಲಿನ ಅಧಿಕಾರಿಯೊಬ್ಬ, ಆಳುವ ದೊರೆಯ ಹೆಸರನ್ನು ಪಾತ್ರೆಯ ಮೇಲೆ ಬರೆಯಕೂಡದೆಂದು ಕಟ್ಟಪ್ಪಣೆ ಮಾಡಿದ. ಒಡೆದ ಚೂರು ಯಾರದೋ ಕಾಲಡಿಗೆ ಸಿಕ್ಕರೆ ದೊರೆಯ ಹೆಸರಿಗೇ ಅಪಚಾರವಲ್ಲವೇ! ಕುಂಬಾರರು ಏನು ಮಾಡಿದರು ಗೊತ್ತೇ? ಹೆಸರಿರಬೇಕಾದ ಕಡೆ ಬರೀ ಜೋಡಿ ಉಂಗುರ ಬರೆದು ಒಳಗೆ ಖಾಲಿ ಬಿಟ್ಟರು, ಇಲ್ಲವೇ ಒಂದು ಎಲೆಯ ಚಿತ್ರ ಬಿಡಿಸಿದರು. ಹೀಗಾಗಿ ಆ ಖಾಲಿ ಉಂಗುರವೂ ಇಂದು ಕಾಲ ಹೇಳುವ ಒಂದು ಸುಳಿವು!

ಬೆಲೆಯ ಗುಟ್ಟೂ ಇಲ್ಲೇ ಇದೆ. ಹರಾಜಿನ ಪಟ್ಟಿಯಲ್ಲಿ ದೊರೆಯ ಹೆಸರಿನ ಗುರುತಿನ ಜೊತೆ ಪಾತ್ರೆಯೂ ಆ ದೊರೆಯ ಕಾಲದ್ದೇ ಎಂದಿದ್ದರೆ ಕೋಟಿಗಳ ಮಾತು. ಬರೀ ಗುರುತು ಮಾತ್ರ ಎಂದಿದ್ದರೆ ಬೆಲೆ ದಡಕ್ಕನೆ ಇಳಿಯುತ್ತದೆ. ಕಾಂಗ್‌ಷಿ ಕಾಲದ ನಕಲಿಗೂ ಅದರದೇ ಮರ್ಯಾದೆ ಇದೆ ಅನ್ನಿ. ಆದರೆ ತಳದಲ್ಲಿ ಇಂಗ್ಲಿಷಿನಲ್ಲಿ ‘ಚೈನಾ’ ಎಂದು ಬರೆದಿದ್ದರೆ ಉಸಿರು ಬಿಡಬಹುದು: ಆಮದು ಸರಕಿನ ಮೇಲೆ ದೇಶದ ಹೆಸರಿರಲೇಬೇಕೆಂದು ಅಮೆರಿಕ 1891ರಿಂದ ಜಾರಿಗೆ ತಂದ ಕಾನೂನಿನ ಫಲ ಅದು. ಮಿಂಗ್ ದೊರೆಗೂ ಅದಕ್ಕೂ ಸಂಬಂಧವಿಲ್ಲ.

ಅಸಲನ್ನು ಹಿಡಿಯುವುದು ಹೇಗೆ? ಬೀಜಿಂಗ್ ಅರಮನೆ ಮ್ಯೂಸಿಯಂನ ಪರಿಣತ ಸುನ್ ಯಿಂಗ್‌ಝೌ ಚೆಂಗ್‌ಹ್ವಾ ಗುರುತಿನ ಒಂದೊಂದು ಗೀಟನ್ನೂ ಅಳೆದು ತೂಗಿ, ಬಾಯಿಪಾಠ ಮಾಡಿಕೊಳ್ಳಲೆಂದು ಆರು ಸಾಲಿನ ಪದ್ಯವನ್ನೇ ಕಟ್ಟಿದ್ದರು! ಕೊನೆಯ ಅಕ್ಷರದ ಒಂದು ಅಡ್ಡಗೀಟು ಮೇಲಿನ ಭಾಗದ ಅಂಚು ದಾಟಬಾರದು ಎಂಬಷ್ಟು ಸೂಕ್ಷ್ಮ. ಭೂತಗನ್ನಡಿ ಹಿಡಿದರೆ ಇನ್ನೊಂದು ಲೋಕ. ಗಾಜಿನಂಥ ಲೇಪದೊಳಗೆ ಗುಳ್ಳೆಗಳು ತೇಲುತ್ತವೆ, ಅದರಡಿಯಲ್ಲಿ ಅಕ್ಷರ ಮಲಗಿರುತ್ತದೆ. ಹದಿನೈದನೇ ಶತಮಾನದ ಮೊದಲ ಭಾಗದ ಪಾತ್ರೆಯಾದರೆ ಕೋಬಾಲ್ಟ್ ನೀಲಿ ಅಲ್ಲಲ್ಲಿ ಗಟ್ಟಿಕಟ್ಟಿ ಕಪ್ಪು ಚುಕ್ಕೆಯಾಗಿ ಲೇಪದೊಳಗೆ ಇಳಿದಿರುತ್ತದೆ. ನೆಲಕ್ಕೆ ತಾಗುವ ಅಂಚಿಗೆ ಲೇಪವಿಲ್ಲ, ಅಲ್ಲಿ ಬರೀ ಮಣ್ಣು ಕಾಣುತ್ತದೆ. ಬೆರಳಾಡಿಸಿದರೆ ನಯವೋ ಒರಟೋ ತಿಳಿಯುತ್ತದೆ. ನನ್ನ ಮಟ್ಟಿಗೆ ಅಕ್ಷರಕ್ಕಿಂತ ಆ ಅಂಚೇ ನಂಬಿಕಸ್ತ ಸಾಕ್ಷಿ. ಬರೆದದ್ದನ್ನು ಯಾರು ಬೇಕಾದರೂ ನಕಲು ಮಾಡಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಇದನ್ನೂ ಕೇಳಿ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಯಾರೋ ಮನೆಯಂಗಳದಲ್ಲಿ ಹಳೆ ಸಾಮಾನು ಮಾರಾಟಕ್ಕಿಟ್ಟಿದ್ದರು. ಒಬ್ಬರು ಅಲ್ಲಿಂದ ಬಿಳಿ-ನೀಲಿಯ ಪುಟ್ಟ ಬಟ್ಟಲೊಂದನ್ನು 35 ಡಾಲರ್ ಕೊಟ್ಟು ತಂದರು. ತಳ ನೋಡಿದರೆ ದೊರೆಯ ಹೆಸರೇ ಇಲ್ಲ! ಆದರೆ ತಾವರೆ ಮೊಗ್ಗಿನಂಥ ಆಕಾರ, ರೇಷ್ಮೆಯಷ್ಟು ನುಣುಪು ಲೇಪ, ಆ ನೀಲಿ ಎಲ್ಲವೂ ಒಂದೇ ಕಡೆ ಬೊಟ್ಟು ಮಾಡಿದವು: ಯೋಂಗ್ಲೆ ದೊರೆಯ ಕಾಲ, 1403–24. ಇಂಥವು ಜಗತ್ತಿನಲ್ಲಿ ಗೊತ್ತಿರುವುದು ಏಳೇ ಏಳು; ತೈಪೆ, ಲಂಡನ್, ಟೆಹ್ರಾನ್‌ಗಳ ಮ್ಯೂಸಿಯಂಗಳಲ್ಲಿ ಇದರ ಒಡಹುಟ್ಟುಗಳಿವೆ. 2021ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅದು ಹರಾಜಾಯಿತು, 7,21,800 ಡಾಲರಿಗೆ!